ಅಡ್ಡಡ್ಡ ಓಡುವ ಕಾರು

ಡ್ರಿಫ್ಟ್ ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ತಿರುವಿನಲ್ಲಿ ಕಾರಿನ ಹಿಂದಿನ ಗಾಲಿಗಳನ್ನ ಬೇಕಂತಲೇ ಜಾರಿಸಿ, ಸ್ಟೇರಿಂಗ್ ಉಲ್ಟಾ ಹಿಡಿದು, ಗಾಡಿ ಅಡ್ಡಡ್ಡ ಸರೀತಾ ಇದ್ರೂ ನಾವು ಹೇಳಿದ ಕಡೆಗೇ ಹೋಗೋ ಹಾಗೆ ಮಾಡೋದು. ಜಪಾನಿನ ಘಾಟ್ ರಸ್ತೆಗಳಲ್ಲಿ ಬೆಳೆದ ಹುಚ್ಚು. ಕೆಯಿಚಿ ತ್ಸುಚಿಯಾ ಅನ್ನೋ ರೇಸರ್ ಇದನ್ನ ಹೆಸರುವಾಸಿ ಮಾಡಿದ. ಅವನ ಟೊಯೊಟಾ ಎಇ86 ಕೋಟಿ ಬೆಲೆಯ ಕಾರೇನಲ್ಲ, 1983ರಿಂದ 1987ರವರೆಗೆ ಬಂದ ಕರೋಲಾ ಜಾತಿಯದು. ಹಗುರ ಗಾಡಿ, ಹಿಂದಿನ ಗಾಲಿಗೆ ಎಂಜಿನ್ ಶಕ್ತಿ, ಅಷ್ಟೇ.

ಆ 'ಅಷ್ಟೇ'ಯನ್ನ ಹಿಡ್ಕೊಂಡು ಕೂತವನು ನಮ್ಮ ಅಕ್ಕನ ಮಗ. ವಿಜಯಪುರದ ಜಲನಗರದಲ್ಲಿ ಅವರ ಮನೆ. ಅಂಗಳದ ಬೇವಿನ ಗಿಡದ ಕೆಳಗೆ ಭಾವನ ಪ್ರೀಮಿಯರ್ 118 ಎನ್‌ಇ ತಾಡಪತ್ರಿ ಹೊದ್ದು ನಿಂತಿತ್ತು. ಭಾವ ಹೋಗಿ ಆರು ವರ್ಷ, ಗಾಡಿ ನಿಂತೂ ಆರು ವರ್ಷ.

"ಮಾಮಾ, ಮಾರುತಿ 800, ಸ್ಯಾಂಟ್ರೋ, ಇಂಡಿಕಾ ಎಲ್ಲಾ ಮುಂದಿನ ಗಾಲಿ ಜಗ್ಗೂವು. ಓಮ್ನಿ ಹಿಂದಿನ ಗಾಲಿದು ಖರೆ, ಆದ್ರ ಎತ್ತರ ಐತಿ, ಉರುಳತೈತಿ. ನಮ್ಮ ಮನ್ಯಾಗ ಸರಿಯಾದ್ದ ನಿಂತೈತಲ್ಲ!"

ಅವನ ಮಾತು ಸುಳ್ಳಲ್ಲ. ಫಿಯಟ್ 124ರ ಮೈ, ನಿಸ್ಸಾನಿನ ಎ12 ಎಂಜಿನ್, 1171 ಸಿಸಿ. ಐವತ್ತು ಚಿಲ್ಲರೆ ಅಶ್ವಶಕ್ತಿಗೆ ಒಣ ಡಾಂಬರಿನ ಮೇಲೆ ಅದು ಜಾರೋದು ಕಷ್ಟ, ಗರಸಿನ ಮೇಲೆ ಮಾತ್ರ ಸಲೀಸು. ಆದ್ರೆ ಅದು ಅವರಪ್ಪನ ಗಾಡಿ. ಪಂಢರಪುರಕ್ಕೆ, ಆಲಮಟ್ಟಿಗೆ, ಅಕ್ಕನ ಹೆರಿಗೆಗೆ ಹೋದ ಗಾಡಿ. ಅಕ್ಕ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ನನಗೇ ಫೋನ್ ಹಚ್ಚಿದಳು. "ತುಕ್ಕು ಹಿಡಿಯೂಕಿಂತ ಓಡ್ಲಿ ತಮ್ಮಾ. ಆದ್ರ ರೋಡಿಗೆ ಇಳೀಬಾರ್ದು. ಇಂವಾ ಒಬ್ಬನ ಅದಾನ ನನಗ."

ಕಾನೂನೂ ಅಕ್ಕನ ಕಡೆಗೇ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ಕಂಪನಿ ಮಾಡಿಕೊಟ್ಟದ್ದನ್ನ ಮನಸಿಗೆ ಬಂದಂಗೆ ಬದಲಿಸೋ ಹಾಗಿಲ್ಲ ಅಂತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿ ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ ಐದು ಸಾವಿರ ದಂಡ, ಜೈಲೂ ಆಗಬಹುದು. ಹುಡುಗನ ಪಟ್ಟಿಯಲ್ಲಿ ಹದಿನಾಲ್ಕು ಬದಲಾವಣೆ ಇದ್ವು, ನೀವೇ ಗುಣಿಸಿಕೊಳ್ಳಿ :) ಗಾಡಿ ಇನ್ನು ಕಾಯಂ ರಸ್ತೆಗೆ ಬರೋದಿಲ್ಲ ಅಂತಾದ್ರೆ 55ನೇ ಕಲಮಿನಡಿ ಆರ್‌ಸಿ ವಾಪಸು ಕೊಟ್ಟು ನೋಂದಣಿ ರದ್ದು ಮಾಡಿಸಬೇಕು. ಹುಡುಗ ಹಿಂಜರಿದದ್ದು ಇಲ್ಲೇ. ಆರ್‌ಸಿ ಮೇಲೆ ಅಪ್ಪನ ಹೆಸರಿತ್ತು. ಅದನ್ನ ಝೆರಾಕ್ಸ್ ಮಾಡಿಸಿ, ಲ್ಯಾಮಿನೇಷನ್ ಹಾಕಿಸಿ, ಆಮೇಲೆ ಕೊಟ್ಟು ಬಂದ.

ಮೈದಾನ ಸಿಕ್ಕಿದ್ದು ಟಿಕೋಟಾದಲ್ಲಿ. ಅವನ ಕಾಕಾನ ದ್ರಾಕ್ಷಿ ತೋಟದ ಪಕ್ಕ ಮೂರು ಎಕರೆ ಗರಸಿನ ಹೊಲ, ಏನೂ ಬೆಳೆಯೋದಿಲ್ಲ. ಟ್ರೈಲರಿನ ಮೇಲೆ ಹೇರಿ, ಟ್ರ್ಯಾಕ್ಟರ್ ಹಚ್ಚಿ ಅಥಣಿ ರೋಡಿನಲ್ಲಿ ಒಯ್ದರು.

ಸೋವಿಯಲ್ಲಿ ಮಾಡೋ ಡ್ರಿಫ್ಟ್ ಕಾರಿನ ಜೀವ ಇರೋದು ಡಿಫರೆನ್ಷಿಯಲ್‌ನಲ್ಲಿ. ಸಾಮಾನ್ಯ ಕಾರಲ್ಲಿ ತಿರುಗುವಾಗ ಒಳಗಿನ ಗಾಲಿ ನಿಧಾನ, ಹೊರಗಿನದು ಜೋರು ತಿರುಗಬೇಕು, ಅದಕ್ಕೇ ಅದು ಇರೋದು. ಆದ್ರೆ ಜಾರುವಾಗ ಒಂದೇ ಗಾಲಿ ಸುಮ್ಮನೆ ಗರಗರ ತಿರುಗಿ ಶಕ್ತಿಯೆಲ್ಲಾ ಅಲ್ಲೇ ಮುಗೀತದೆ. ದುಡ್ಡಿದ್ದವರು ಲಿಮಿಟೆಡ್ ಸ್ಲಿಪ್ ಹಾಕಿಸ್ತಾರೆ. ಇಲ್ಲದವರು ಒಳಗಿನ ಸಣ್ಣ ಗೇರುಗಳನ್ನ ಒಂದಕ್ಕೊಂದು ವೆಲ್ಡ್ ಮಾಡಿ ಎರಡೂ ಗಾಲಿ ಜೋಡಿಯಾಗಿ ತಿರುಗೋ ಹಾಗೆ ಮಾಡ್ತಾರೆ. ಹುಡುಗ ಇದನ್ನ ಯೂಟ್ಯೂಬಿನಲ್ಲಿ ತಿಂಗಳುಗಟ್ಟಲೆ ನೋಡಿದ್ದ. ಕಾಕಾ ಚಹಾ ಮುಗಿಸೋದರೊಳಗೆ ಹೇಳಿಬಿಟ್ಟ, "ಟ್ರ್ಯಾಕ್ಟರ್ ಹುದಲಿನ್ಯಾಗ ಸಿಕ್ಕಾಗ ಲಾಕ್ ಪೆಡಲ್ ತುಳೀತೀವಲ್ಲ, ಅದನ್ನ ಕಾಯಂ ಮಾಡಾಕತ್ತಿ, ಹೌದಿಲ್ಲೋ? ಹಂಗಾದ್ರ ಸಾವಕಾಶ ಹೊಳ್ಳಿಸಿದ್ರ ಹೊಳ್ಳೂದಿಲ್ಲ ನೋಡು, ಮುಂದ ನೂಕತೈತಿ." ಪೂರಾ ಖರೆ. ಅಂಥ ಗಾಡಿ ಮೆಲ್ಲಗೆ ಹೋದ್ರೆ ಹಟ ಮಾಡ್ತದೆ, ಜಾರಿದ್ರೆ ಮಾತು ಕೇಳ್ತದೆ.

ಒಟ್ಟು ಬಜೆಟ್ ಎಂಬತ್ತು ಸಾವಿರ. ಅರ್ಧಕ್ಕಿಂತ ಹೆಚ್ಚು ಪೈಪಿನ ರೋಲ್ ಕೇಜ್, ಬಕೆಟ್ ಸೀಟು, ನಾಲ್ಕು ಪಟ್ಟಿಯ ಬೆಲ್ಟ್, ಹೆಲ್ಮೆಟ್ಟು, ಬ್ರೇಕುಗಳಿಗೇ ಹೋಯಿತು. ಹುಡುಗನಿಗೆ ಸಿಟ್ಟು, "ಇದರಾಗ ಗಾಡಿ ಏನ್ ಜೋರ್ ಆತು ಮಾಮಾ?" ಅಂತ. ಉಳಿದದ್ದೆಲ್ಲ ಜುಗಾಡ. ಮುಂದೆ ಒಳ್ಳೆ ಟೈರು, ಹಿಂದೆ ಗುಜರಿಯ ಬೋಳು ಟೈರಿಗೆ ಗಾಳಿ ಜಾಸ್ತಿ (ಪಂಕ್ಚರ್ ಅಂಗಡಿಯವ ಉಲ್ಟಾ ಹಾಕೀರಿ ಅಂತ ಮೂರು ಸಲ ಹೇಳಿದ). ಹ್ಯಾಂಡ್‌ಬ್ರೇಕಿನ ಹಲ್ಲು ಸವೆಸಿದ್ದರಿಂದ ಎಳೆದಾಗ ಹಿಡೀತದೆ, ಬಿಟ್ಟಾಗ ಬಿಡ್ತದೆ. ನಿಲ್ಲಿಸುವಾಗ ಗಾಲಿಗೆ ಕಲ್ಲು ಕೊಡಬೇಕು.

ಜಗಳ ಆದದ್ದು ಸ್ಟೇರಿಂಗಿಗೆ. ಮುಂದಿನ ಗಾಲಿ ಇನ್ನೂ ಹೆಚ್ಚು ಹೊರಳಲಿ ಅಂತ ಸ್ಟೇರಿಂಗ್ ಆರ್ಮ್ ಕತ್ತರಿಸಿ, ಗಿಡ್ಡ ಮಾಡಿ ವೆಲ್ಡ್ ಮಾಡಿಸೋಣ ಅಂದ. ಡಿಫರೆನ್ಷಿಯಲ್ ವೆಲ್ಡ್ ಬಿಟ್ರೆ ಗಾಡಿ ನಿಂತೀತು. ಸ್ಟೇರಿಂಗ್ ವೆಲ್ಡ್ ಬಿಟ್ರೆ? ನಾನು ಒಲ್ಲೆ ಅಂದೆ, ಕಾಕಾನೂ ಒಲ್ಲೆ ಅಂದ. ಹುಡುಗ ಒಂದು ವಾರ ಊಟಕ್ಕೆ ನಮ್ಮ ಮನೆಗೆ ಬರಲಿಲ್ಲ. ಬರದಿದ್ರೆ ಬರದಿರಲಿ.

ಏಪ್ರಿಲ್‌ನಲ್ಲಿ ಮೊದಲ ಸಲ ಓಡಿಸಿದ. ನಮ್ಮೂರ ಬಿಸಿಲು ಗೊತ್ತಲ್ಲ, ಐದನೇ ಸುತ್ತಿಗೆ ರೇಡಿಯೇಟರ್ ಕುದೀತು. ಆರಿಸಿ, ನೀರು ಹಾಕಿ, ಮತ್ತೆ ಓಡಿಸಿದ. ಎರಡನೇ ಗೇರಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಬಿಟ್ಟು, ಎಕ್ಸಿಲರೇಟರ್ ಒತ್ತಿದ. ಗಾಡಿ ಬಾಲ ಬೀಸಿತು, ತಿರುಗಿ ನಿಂತಿತು. ಹತ್ತು ಸಲ ಹಾಗೇ. ಹನ್ನೊಂದನೇ ಸಲ ನಿಲ್ಲಲಿಲ್ಲ. ಕೆಂಪು ಧೂಳೆಬ್ಬಿಸಿ ಅರ್ಧ ವರ್ತುಲ ಅಡ್ಡಡ್ಡ ಹೋಯಿತು. ಕಾಕಾ ಟವೆಲ್ ತಿರುವಿ ಕುಣಿದದ್ದೇ ಕುಣಿದದ್ದು, ಮರುಕ್ಷಣ ಧೂಳು ದ್ರಾಕ್ಷಿ ಮೇಲೆ ಕೂತೀತು ಅಂತ ಬೈದದ್ದೇ ಬೈದದ್ದು.

ಅಕ್ಕ ಒಂದೇ ಸಲ ನೋಡಾಕ ಬಂದಿದ್ದಳು. ಧೂಳಿನ್ಯಾಗ ಏನೂ ಕಾಣಲಿಲ್ಲ ಅಂದಳು. ತೂಕ ಇಳಿಸಾಕ ಅಂತ ಕಿತ್ತ ಹಿಂದಿನ ಸೀಟು ಈಗ ಜಲನಗರದ ಪಡಸಾಲೆಯಲ್ಲಿದೆ, ಸಂಜೀಕ ಅದರ ಮೇಲೆ ಕೂತು ಜೋಳ ಹಸನು ಮಾಡ್ತಾಳೆ. ಕ್ಲಚ್ ಪ್ಲೇಟ್ ಆಗಲೇ ಎರಡನೇದು ಸುಟ್ಟಿದೆ, ಅದಕ್ಕೆ ದುಡ್ಡು ಯಾರು ಕೊಡಬೇಕು ಅಂತ ಮಾತುಕತೆ ನಡೀತಾ ಇದೆ.