ಕಾರು ನೋಡೋಕೆ ಹೋಗುವಾಗ ಐದು ಜನ ಹೋಗಿ

ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ನಮ್ಮ ಕಡೆ ಹಳೇ ಕಾರಿನ ಮಾತು ಶುರುವಾಗುತ್ತೆ. ಈ ವಾರ ಮೂರು ಜನ ಫೋನ್ ಮಾಡಿ, ‘ಸೆಕೆಂಡ್ ಹ್ಯಾಂಡ್ ಕಾರು ತಗೊಳ್ತಿದ್ದೀನಿ, ಎಂತ ನೋಡ್ಬೇಕು ಮಾರಾಯ?’ ಅಂತ ಕೇಳಿದ್ರು. ಬಣ್ಣ, ಟೈರು, ಕಾಗದಪತ್ರ ಎಲ್ಲರೂ ನೋಡ್ತಾರೆ. ನಾನು ಎಳೆಯುವ ತಾಕತ್ತಿನ ಬಗ್ಗೆ ಮಾತ್ರ ಬರೀತೀನಿ. ಅದರಲ್ಲಿ ಒಂದ್ಸಲ ಸೋತವನು ನಾನು.

ಹೋದ ವರ್ಷ ಮಳೆಗಾಲ. ಅಮ್ಮನ ಮಂಡಿ ಆಪರೇಷನ್ ಮುಗಿಸಿ ಮಣಿಪಾಲದಿಂದ ಬರ್ತಿದ್ವಿ. ಹಳೇ ಕಾರಲ್ಲಿ ಐದು ಜನ, ಡಿಕ್ಕಿ ತುಂಬ ಸಾಮಾನು. ಆಗುಂಬೆ ಘಾಟಿಯ 14 ತಿರುವಲ್ಲಿ ಅರ್ಧ ಹತ್ತಿರಬಹುದು, ಎದುರಿಗೆ ಬಸ್ಸು ಬಂತು, ನಿಲ್ಲಿಸಿದೆ. ಮತ್ತೆ ಎತ್ತೋಕೆ ಹೋದ್ರೆ ಎಂಜಿನ್ ಕೂಗುತ್ತೆ, ಕಾರು ಹಿಂದಕ್ಕೆ ಜಾರುತ್ತೆ. ಅಮ್ಮನೊಬ್ಬಳನ್ನ ಬಿಟ್ಟು ಎಲ್ಲರೂ ಇಳಿದ್ರು. ಆದ್ರೂ ಆಗಲಿಲ್ಲ. ಕೊನೆಗೆ ಅಮ್ಮನೂ ಇಳಿದಳು. ವಾಕರ್ ಊರಿಕೊಂಡು ಮಳೆಯಲ್ಲೇ ಆ ತಿರುವು ಹತ್ತಿದಳು. ‘ಇರ್ಲಿ ಬಿಡೋ ಮಗಾ, ಡಾಕ್ಟ್ರು ನಡೀಬೇಕು ಅಂದಿದಾರಲ್ಲ’ ಅಂದಳು. ಆ ಮಾತು ಇವತ್ತಿಗೂ ಚುಚ್ಚುತ್ತೆ.

ಆಮೇಲೆ ಕೂತು ಲೆಕ್ಕ ಹಾಕಿದೆ. ಆಲ್ಟೊ 800 ಇದೆಯಲ್ಲ, ಅದರ ಎಂಜಿನ್ 796 ಸಿಸಿ, 48 ಪಿಎಸ್. ಕಾರಿನ ತೂಕ ಸುಮಾರು 700 ಕೆ.ಜಿ. ಅಂದ್ರೆ ಟನ್ನಿಗೆ ಹತ್ರ ಹತ್ರ 69 ಪಿಎಸ್ ಬಂತು. ಐದು ಜನ ಕೂತರೆ 300 ಕೆ.ಜಿ. ಸೇರುತ್ತೆ, ಟನ್ನಿಗೆ 48ಕ್ಕೆ ಇಳೀತು. ಆಲ್ಟೊ ಕೆ10ರಲ್ಲಿ 998 ಸಿಸಿ, 68 ಪಿಎಸ್, ತೂಕ ಸುಮಾರು 750. ಅದು ಐದು ಜನ ಹೊತ್ತ ಮೇಲೂ ಟನ್ನಿಗೆ ಹತ್ರ ಹತ್ರ 65 ಉಳಿಸಿಕೊಳ್ಳುತ್ತೆ. ಪೇಟೆಯಲ್ಲಿ ಒಬ್ಬರೇ ಓಡಾಡೋರಿಗೆ ಚಿಕ್ಕದೇ ಸಾಕು. ನಮ್ಮ ಏರಿಗೆ, ನಮ್ಮ ಹೇರಿಗೆ ಈ ವ್ಯತ್ಯಾಸ ದೊಡ್ಡದು.

ಬರೀ ಪಿಎಸ್ ನೋಡಿದ್ರೂ ಸಾಲದು. ಟಿಲ್ಲರ್ 12 ಎಚ್‌ಪಿ. 150 ಸಿಸಿ ಬೈಕಿಗೂ ಹೆಚ್ಚುಕಮ್ಮಿ ಅಷ್ಟೇ. ಆದ್ರೆ ಟಿಲ್ಲರ್ ಅದನ್ನ 2000 ಸುತ್ತಿನಲ್ಲೇ ಕೊಡುತ್ತೆ, ಬೈಕು ಎಂಟು ಸಾವಿರದ ಹತ್ರ ಕೂಗಬೇಕು. ಕಾರಲ್ಲೂ ಹಾಗೇ, ಪೂರ್ತಿ ಪಿಎಸ್ ಬರೋದು 6000 ಸುತ್ತಿಗೆ. ಘಾಟಿಯಲ್ಲಿ ನಾವು ಅಷ್ಟು ಕೂಗಿಸೋದಿಲ್ಲ. ಅದಕ್ಕೇ ಟಾರ್ಕ್ ಎಷ್ಟು, ಎಷ್ಟು ಸುತ್ತಿಗೆ ಅಂತಲೂ ಕೇಳಿ. ಮೇಲೆ ಹೇಳಿದ ಎರಡರಲ್ಲಿ ಚಿಕ್ಕದಕ್ಕೆ 69, ದೊಡ್ಡದಕ್ಕೆ 90 ನ್ಯೂಟನ್ ಮೀಟರ್. ಎರಡೂ 3500 ಸುತ್ತಿಗೆ.

ಇದು ಹೊಸ ಗಾಡಿಯ ಲೆಕ್ಕ. ಹಳೇದರಲ್ಲಿ ಎಷ್ಟು ಉಳಿದಿದೆ ಅನ್ನೋದು ಓಡಿಸಿದ್ರೇ ಗೊತ್ತಾಗೋದು. ನಮ್ಮ ಭಾವ ಅವನ ಸಣ್ಣ ಕಾರು ಕಮ್ಮಿಗೆ ಕೊಡ್ತೀನಿ ಅಂದಿದ್ದ. ಮನೆಯವರೆಲ್ಲ ‘ನೆಂಟ್ರ ಗಾಡಿ, ಕಣ್ಮುಚ್ಚಿ ತಗೋ’ ಅಂದ್ರು. ನಾನು ಬೆಳಿಗ್ಗೆ ಬೇಗ ಹೋಗಿ ಮೊದಲು ಬಾನೆಟ್ ಮುಟ್ಟಿದೆ. ತಣ್ಣಗಿತ್ತು. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ಸ್ಟಾರ್ಟಿಂಗ್ ತೊಂದರೆ ಮುಚ್ಚಿಡುತ್ತೆ. ನೀಲಿ ಹೊಗೆ ಬಂದ್ರೆ ಆಯಿಲ್ ಸುಡ್ತಿದೆ ಅಂತ. ಇದರಲ್ಲಿ ಬರಲಿಲ್ಲ. ಸಮತಟ್ಟು ರಸ್ತೆಯಲ್ಲಿ ಚೆನ್ನಾಗೇ ಓಡಿತು.

ಆಮೇಲೆ ಐದು ಜನ ಕೂತು, ಎಸಿ ಹಾಕಿ, ಗುಡ್ಡದ ಏರಿಗೆ ತಗೊಂಡು ಹೋದ್ವಿ. ಅರ್ಧ ಏರಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ ನಿಲ್ಲಿಸಿ ಮತ್ತೆ ಎತ್ತಿದೆ. ಹೆಂಗೋ ಎತ್ತಿತು. ಮೇಲೆ, ನಾಲ್ಕನೇ ಗೇರಲ್ಲಿ 40ರ ವೇಗದಿಂದ ಪೂರ್ತಿ ಆಕ್ಸಿಲರೇಟರ್ ಒತ್ತಿದೆ. ಎಂಜಿನ್ ಸದ್ದು ಸರ್ರನೆ ಏರಿತು, ಮುಳ್ಳು ಮಾತ್ರ ಅಲ್ಲೇ.

‘ಸಣ್ಣ ಗಾಡಿ ಅಲ್ವ ಭಾವ, ಹಂಗೇ ಅದು’ ಅಂದ.

‘ಅಲ್ಲ ಭಾವ, ಇದು ಕ್ಲಚ್ ಜಾರ್ತಿರೋದು’ ಅಂದೆ. ಮುಖ ಸಣ್ಣ ಮಾಡಿಕೊಂಡ. ವಾಪಸ್ ಬರುವಾಗ ಯಾರೂ ಮಾತಾಡಲಿಲ್ಲ. ಗ್ಯಾರೇಜಲ್ಲಿ ತೋರಿಸಿದ್ರೆ ಕ್ಲಚ್ ಪ್ಲೇಟೇ ಸವೆದಿತ್ತು, ಎಂಜಿನ್ ಗಟ್ಟಿ ಇತ್ತು. ಎಂಜಿನ್ ಸೋತರೂ ಕ್ಲಚ್ ಜಾರಿದ್ರೂ ಗಾಡಿ ಎಳೆಯೋದಿಲ್ಲ. ಖರ್ಚು ಮಾತ್ರ ಬೇರೆ ಬೇರೆ. ಸದ್ದು ಏರಿ ವೇಗ ಏರದಿದ್ರೆ ಕ್ಲಚ್ ನೋಡಿ. ಸದ್ದೂ ಏರದೆ ಮಂಕಾಗಿದ್ರೆ ಏರ್ ಫಿಲ್ಟರ್, ಪ್ಲಗ್ ನೋಡಿ, ಆಮೇಲೆ ಕಂಪ್ರೆಷನ್ ಟೆಸ್ಟ್ ಮಾಡಿಸಿ.

ಭಾವ ಕ್ಲಚ್ ಹಾಕಿಸಿ ಶಿವಮೊಗ್ಗದವರೊಬ್ಬರಿಗೆ ಮಾರಿದ, ನಾನು ಕೊಡ್ತಿದ್ದದ್ದಕ್ಕಿಂತ ಜಾಸ್ತಿಗೇ. ಎರಡು ತಿಂಗಳು ಮಾತು ಕಮ್ಮಿಯಿತ್ತು, ಈಗ ಸರಿಹೋಗಿದೆ. ನಾನು ಒಂದು ಸಾವಿರ ಸಿಸಿಯದು ತಗೊಂಡೆ. ಅದಕ್ಕೂ ಅದೇ ಐದು ಜನ, ಅದೇ ಏರು. ಹೋಲಿಸೋಕೆ ಇನ್ನೇನು ಬೇಕು?

ಮೊನ್ನೆ ಅಮ್ಮನ ಚೆಕಪ್ ಮುಗಿಸಿ ಘಾಟಿ ಹತ್ತುವಾಗ ಅದೇ ತಿರುವಲ್ಲಿ ಲಾರಿ ಅಡ್ಡ ಬಂತು. ನಿಲ್ಲಿಸಿ, ಒಂದನೇ ಗೇರು ಹಾಕಿ ಎತ್ತಿದೆ. ಹತ್ತಿತು. ಅಮ್ಮ ನಿದ್ದೆ ಮಾಡ್ತಿದ್ದಳು, ಎಚ್ಚರ ಆಗಲಿಲ್ಲ.

ಗಾಡಿ ನೋಡೋಕೆ ಹೋಗುವಾಗ ಭಾರಕ್ಕೆ ಜನ ಸಾಲದಿದ್ರೆ ಹೇಳಿ. ನಾನು ಎಂಬತ್ತು ಕೆ.ಜಿ. ಇದ್ದೀನಿ, ಬಂದು ಕೂರ್ತೀನಿ.