ಕಾರ್ಡಿನೊಳಗಣ ಸಂಸಾರ

ಗಣಕಯಂತ್ರದ ವಿಷಯ ಬರೆಯುತ್ತೇನೆಂದರೆ ನನ್ನ ಹಳೆಯ ವಿದ್ಯಾರ್ಥಿಗಳು ನಕ್ಕಾರು. ಸಂಧಿ ಸಮಾಸಗಳನ್ನು ಉರು ಹೊಡೆಸುತ್ತಿದ್ದ ಕನ್ನಡ ಮೇಷ್ಟ್ರಿಗೆ ಲಿನಕ್ಸ್ ಏಕೆ ಬೇಕಾಯಿತೆಂದು ನೇರವಾಗಿ ಕೇಳಿದವರೂ ಉಂಟು. ಮೊನ್ನೆ ಬೀರುವನ್ನು ಚೊಕ್ಕಟ ಮಾಡುವಾಗ ಹಳೆಯ ಕನ್ನಡಕದ ಡಬ್ಬಿಯಲ್ಲಿ ಅಂಚೆಚೀಟಿಯಷ್ಟಗಲದ ಮೆಮೊರಿ ಕಾರ್ಡೊಂದು ಸಿಕ್ಕಿತು. ಅದರ ಕಥೆಯನ್ನು ಬರೆದಿಡಬೇಕೆನಿಸಿತು.

2009ರ ಬೇಸಿಗೆಯಲ್ಲಿ ಹೊರದೇಶದಿಂದ ರಜೆಗೆ ಬಂದ ನನ್ನ ಅಕ್ಕನ ಮಗ, ತಾನು ಬಳಸಿ ಬಿಟ್ಟಿದ್ದ ನೋಕಿಯಾ ಎನ್800 ಎಂಬ ಅಂಗೈಯಗಲದ ಯಂತ್ರವನ್ನು ನನಗೆ ಕೊಟ್ಟನು. 2007ರಲ್ಲಿ ಮಾರುಕಟ್ಟೆಗೆ ಬಂದಿದ್ದ ಅದು ದೂರವಾಣಿಯಲ್ಲ. ಸಿಮ್ ಹಾಕುವ ಜಾಗವೇ ಅದಕ್ಕಿರಲಿಲ್ಲ. ನಾಲ್ಕು ಅಂಗುಲಕ್ಕೆ ತುಸು ಮಿಕ್ಕ ಪರದೆ, 128 ಎಂಬಿ ರ‍್ಯಾಮ್, ಎರಡು ಕಾರ್ಡುಗಳಿಗೆ ಕಿಂಡಿ. ಅದರ ಸ್ವಂತ ಕಾರ್ಯಾಚರಣ ವ್ಯವಸ್ಥೆ ಮೇಮೊ. ಅದೂ ಲಿನಕ್ಸೇ, ಡೆಬಿಯನ್ನಿನ ಕುಲದ್ದೇ. ಆದರೆ ಕನ್ನಡದಲ್ಲಿ ಬರೆಯುವ ಅನುಕೂಲ ಅದರಲ್ಲಿರಲಿಲ್ಲ. ನನಗೆ ಬೇಕಾಗಿದ್ದುದು ಅದೊಂದೇ.

“ಮಾವ, ನಿಮ್ಮ ಮೇಜಿನ ಕಂಪ್ಯೂಟರಿನಲ್ಲಿರುವ ಡೆಬಿಯನ್ನನ್ನೇ ಇದರ ಕಾರ್ಡಿನಲ್ಲಿ ಕೂರಿಸಿಕೊಡುತ್ತೇನೆ” ಎಂದನು.

ಕಾರ್ಡನ್ನು ಎರಡು ಪಾಲು ಮಾಡಿದನು. ಮೊದಲ ಪಾಲು ಫ್ಯಾಟ್ ಎಂಬ ಸಾಮಾನ್ಯ ವಿಧಾನದ್ದು, ಭಾವಚಿತ್ರಗಳಿಗೆ. ಡೆಬಿಯನ್ ಅಲ್ಲಿ ಬಾಳಲಾರದು. ಯಾವ ಕಡತ ಯಾರದು, ಯಾರು ಓದಬಹುದು, ಯಾರು ತಿದ್ದಬಹುದು ಎಂಬ ಲೆಕ್ಕವನ್ನು ಫ್ಯಾಟ್ ಇಡುವುದಿಲ್ಲ. ಆದಕಾರಣ ಎರಡನೆಯ ಪಾಲನ್ನು ಇಎಕ್ಸ್‌ಟಿ2 ವಿಧಾನದಲ್ಲಿ ಸಿದ್ಧಪಡಿಸಿದನು. ಇಎಕ್ಸ್‌ಟಿ3 ಎಂಬುದೂ ಇತ್ತು. ಅದು ಮಾಡಲಿರುವ ಬದಲಾವಣೆಯನ್ನು ಮೊದಲು ಒಂದು ದಿನಚರಿಯಲ್ಲಿ ಗುರುತು ಹಾಕಿಕೊಂಡು ಆಮೇಲೆ ಮಾಡುತ್ತದೆ. ನಡುವೆ ವಿದ್ಯುತ್ತು ಹೋದರೆ ಆ ದಿನಚರಿಯನ್ನು ನೋಡಿ ಸರಿಪಡಿಸಿಕೊಳ್ಳುತ್ತದೆ. ಆದರೆ ಹಾಗೆ ಹೆಚ್ಚು ಹೆಚ್ಚು ಬರೆದಷ್ಟೂ ಕಾರ್ಡು ಸವೆಯುತ್ತದೆ, ದಿನಚರಿಯಿಲ್ಲದ ಇಎಕ್ಸ್‌ಟಿ2 ಇದ್ದರೆ ಬಾಳಿಕೆ ಹೆಚ್ಚು ಎಂಬುದು ಆಗಿನ ಬಲ್ಲವರ ಮತ. ಈ ಮಾತನ್ನು ನೆನಪಿಡಿರಿ.

ಅದರಲ್ಲಿ ಕೂತದ್ದು ಆ ಫೆಬ್ರವರಿಯಲ್ಲಷ್ಟೇ ಹೊರಬಂದಿದ್ದ ಡೆಬಿಯನ್ 5.0, ಅಡ್ಡಹೆಸರು ಲೆನ್ನಿ. (ಡೆಬಿಯನ್ ಆವೃತ್ತಿಗಳಿಗೆ ಟಾಯ್ ಸ್ಟೋರಿ ಚಿತ್ರದ ಪಾತ್ರಗಳ ಹೆಸರಿಡುವುದು ವಾಡಿಕೆ. ಲೆನ್ನಿ ಅಲ್ಲಿ ಆಟಿಕೆಯ ದುರ್ಬೀನು.) ಯಂತ್ರವು ಎಂದಿನಂತೆ ಮೇಮೊದಲ್ಲಿಯೇ ಏಳುವುದು. ಬಳಿಕ ಸಿಎಚ್‌ರೂಟ್ ಎಂಬ ಆಜ್ಞೆ ಕೊಟ್ಟರೆ, ಅಲ್ಲಿಂದ ಮುಂದೆ ನಡೆಯುವ ತಂತ್ರಾಂಶಗಳಿಗೆ ಕಾರ್ಡಿನ ಆ ಪಾಲೇ ಸಮಸ್ತ ಲೋಕ. ಹಳೆಯ ಮೈಸೂರಿನ ವಠಾರಗಳನ್ನು ಕಂಡವರಿಗೆ ಇದು ತಟ್ಟನೆ ತಿಳಿದೀತು. ಪ್ರತಿ ಸಂಸಾರಕ್ಕೂ ತನ್ನದೇ ಬಾಗಿಲು, ತನ್ನದೇ ಒಲೆ. ಬಾವಿ ಮಾತ್ರ ಎಲ್ಲರಿಗೂ ಒಂದೇ. ಇಲ್ಲಿ ಬಾವಿಯೆಂದರೆ ಕರ್ನೆಲ್. ಮೇಮೊ, ಡೆಬಿಯನ್ ಎರಡೂ ಅದರಿಂದಲೇ ನೀರು ಸೇದುತ್ತಿದ್ದವು. ನೀರೇನೂ ಹೆಚ್ಚಿರಲಿಲ್ಲ. ಓಪನ್ ಆಫೀಸ್ ತೆರೆಯಲು ಹೇಳಿ, ಕಾಫಿ ಸೋಸಿ ಕುಡಿದು ಲೋಟ ತೊಳೆದಿಟ್ಟು ಬಂದರೂ ಅದಿನ್ನೂ ಏಳುತ್ತಿರುತ್ತಿತ್ತು. ಅದನ್ನು ಕೈಬಿಟ್ಟು ಒಂದು ಪುಟ್ಟ ಪಠ್ಯ ಸಂಪಾದಕವನ್ನು ಹಿಡಿದೆನು. ಬ್ಲೂಟೂತ್ ಕೀಲಿಮಣೆಯೊಂದನ್ನು ಜೋಡಿಸಿ, ಕೆ.ಪಿ. ರಾಯರ ವಿನ್ಯಾಸದಲ್ಲಿ ಮೊದಲ ಬಾರಿಗೆ ‘ಕನ್ನಡ’ ಎಂದು ಒತ್ತಿದಾಗ, ಅಷ್ಟಗಲದ ಪರದೆಯಲ್ಲಿ ಒತ್ತಕ್ಷರ ಸರಿಯಾಗಿ ಮೂಡಿತು. ಅಂದಿನ ಸಂತೋಷವನ್ನು ಹೇಗೆ ಹೇಳಲಿ!

ಆ ಮಳೆಗಾಲದಲ್ಲಿ ನನ್ನಾಕೆ ಹಿತ್ತಿಲ ಪಾಚಿಗಲ್ಲಿನ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಸ್ಪತ್ರೆಯಲ್ಲಿ 19 ರಾತ್ರಿ. ನೋವಿನಿಂದ ನಿದ್ರೆ ಬಾರದಾಗ ಸಣ್ಣ ದನಿಯಲ್ಲಿ ತವರಿನ ಹಾಡುಗಳನ್ನು ಹೇಳಿಕೊಳ್ಳುತ್ತಿದ್ದಳು. ಶೋಭಾನೆ, ಆರತಿ, ತೊಟ್ಟಿಲು, ಬೀಸುವ ಪದ. ಮೂವತ್ತೆಂಟು ವರ್ಷ ಜೊತೆಗಿದ್ದೂ ನಾನು ಕೇಳಿರದ ಹಾಡುಗಳು! ಪಠ್ಯಪುಸ್ತಕದ ಜಾನಪದವನ್ನು ವರ್ಷವರ್ಷವೂ ತರಗತಿಯಲ್ಲಿ ವಿವರಿಸಿದವನಿಗೆ ಮನೆಯದು ಗೊತ್ತಿರಲಿಲ್ಲ. ನಾಚಿಕೆಯಾಯಿತು. ದೀಪ ಹಾಕಿದರೆ ಪಕ್ಕದ ರೋಗಿಗಳಿಗೆ ತೊಂದರೆ. ಎನ್800ರ ಪರದೆಯ ಬೆಳಕು ನನಗೆ ಸಾಕಾಗುತ್ತಿತ್ತು. ಕೀಲಿಮಣೆಯನ್ನು ತೊಡೆಯ ಮೇಲಿಟ್ಟುಕೊಂಡು, ಹಾಡಿಗೊಂದು ಕಡತದಂತೆ ಬರೆದುಕೊಳ್ಳುತ್ತ ಹೋದೆನು. ಹಾಡಿನ ಹೆಸರೇ ಕಡತದ ಹೆಸರು. 31 ಹಾಡುಗಳಾದವು.

ಕೊನೆಯ ರಾತ್ರಿ ಬ್ಯಾಟರಿ ಮುಗಿಯುತ್ತಿದೆಯೆಂಬ ಎಚ್ಚರಿಕೆ ಬಂದಿತು. ಇನ್ನೊಂದು ನುಡಿ, ಇನ್ನೊಂದು ನುಡಿ ಎಂದು ಬರೆಯುತ್ತಲೇ ಇದ್ದೆ. ಯಂತ್ರ ಆರಿಹೋಯಿತು. ಬೆಳಗ್ಗೆ ಮತ್ತೆ ವಿದ್ಯುತ್ತು ಉಣಿಸಿ ನೋಡಿದರೆ ಡೆಬಿಯನ್ ಬಾಗಿಲು ತೆರೆಯಲಿಲ್ಲ. ಸರಿಪಡಿಸಿಕೊಳ್ಳಲು ದಿನಚರಿ ಇರಲಿಲ್ಲವಲ್ಲ! ಕಾರ್ಡಿನ ಆಯುಷ್ಯ ಉಳಿಸಲೆಂದು ಮಾಡಿದ್ದು ಕಾರ್ಡಿನೊಳಗಿನದಕ್ಕೇ ಮುಳುವಾಯಿತು. ಬೇರೆಡೆ ಪ್ರತಿಯಿಟ್ಟಿರಲಿಲ್ಲ. ಮಕ್ಕಳಿಗೆ ಕಾಪಿ ಪುಸ್ತಕ ಮರೆತದ್ದಕ್ಕೆ ಬೈಯುತ್ತಿದ್ದವನು ನಾನೇ.

ಹುಡುಗನಿಗೆ ಫೋನು ಮಾಡಿದೆನು. “ಮಾವ, ಅದಕ್ಕೆ ಇನ್ನೇನನ್ನೂ ಬರೆಯಬೇಡಿ. ಮೊದಲು ಇಡೀ ಕಾರ್ಡಿನ ನಕಲು ತೆಗೆಯೋಣ, ರಿಪೇರಿಯನ್ನು ನಕಲಿನ ಮೇಲೆ ಮಾಡೋಣ” ಎಂದನು. ಅವನು ಫೋನಿನಲ್ಲಿ ಅಕ್ಷರ ಅಕ್ಷರವಾಗಿ ಹೇಳಿದ ಆಜ್ಞೆಗಳನ್ನು ಮನೆಯ ಕಂಪ್ಯೂಟರಿನಲ್ಲಿ ಉಕ್ತಲೇಖನದಂತೆ ಬರೆದೆನು. ಎಫ್‌ಎಸ್‌ಸಿಕೆ ಎಂಬ ತಪಾಸಣೆಯ ತಂತ್ರಾಂಶ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿತು, ನಾನು ಎಲ್ಲಕ್ಕೂ ಹೌದೆಂದೆನು. ಕೊನೆಗೆ ‘ಲಾಸ್ಟ್+ಫೌಂಡ್’ ಎಂಬ ಕೋಶದಲ್ಲಿ ಕಡತಗಳ ರಾಶಿ ಬಿದ್ದಿತ್ತು. ಒಂದಕ್ಕೂ ಹೆಸರಿಲ್ಲ, ಬರೀ ಸಂಖ್ಯೆ. ಇಎಕ್ಸ್‌ಟಿ2ರಲ್ಲಿ ಕಡತದ ಹೆಸರು ಕಡತದೊಂದಿಗೆ ಇರುವುದಿಲ್ಲ, ಕೋಶದ ಪಟ್ಟಿಯಲ್ಲಿರುತ್ತದೆ. ಪಟ್ಟಿ ಹಾಳಾದರೆ ಹಾಜರಿ ಪುಸ್ತಕ ಹರಿದುಹೋದ ತರಗತಿಯಂತೆ: ಮಕ್ಕಳೆಲ್ಲ ಕುಳಿತಿದ್ದಾರೆ, ಯಾರು ಯಾರೆಂದು ತಿಳಿಯದು.

ಮನೆಗೆ ಬಂದು ಮಲಗಿದ್ದ ಅವಳ ಬಳಿ ಕುಳಿತು ಒಂದೊಂದನ್ನೇ ಓದಿದೆನು. “ನಿಮ್ಮ ಶಾಲೆಯ ಹಾಜರಿಯ ಹಾಗೇ ಕೂಗುತ್ತೀರಲ್ಲ” ಎಂದು ನಕ್ಕಳು. ಮೊದಲ ಸಾಲು ಮುಗಿಯುವುದರೊಳಗೆ ಇದು ಉರುಟಣೆಯದು, ಇದು ಬಾಗಿಲು ತಡೆಯುವಾಗಿನದು ಎಂದು ಗುರುತಿಸಿಬಿಡುತ್ತಿದ್ದಳು. ಹೀಗೆ 27 ಸಿಕ್ಕವು. ಹೋದ ನಾಲ್ಕನ್ನು ಮತ್ತೆ ಹೇಳಿಸಿ ಬರೆದುಕೊಂಡೆನು. ಸಿಕ್ಕವುಗಳಲ್ಲಿ ಒಂದು ಮಾತ್ರ ಅರ್ಧವಿತ್ತು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟು ಬೇಕು. ಆ ಕಾರ್ಡಿನಲ್ಲಿ ಒಂದು ಕೋಣೆಗೆ 4096 ಬೈಟು. ಉದ್ದದ ಹಾಡು ಎರಡನೆಯ ಕೋಣೆಗೆ ಹರಿದಿತ್ತು. ಆ ಕೋಣೆ ಕೆಟ್ಟಿತ್ತು.

ಓದಿದ್ದನ್ನು ಕಣ್ಣು ಮುಚ್ಚಿ ಕೇಳಿದಳು. “ಅಜ್ಜಿಯದು. ಆ ರಾತ್ರಿ ಹೇಗೆ ಬಂತೋ, ಈಗ ಮುಂದಕ್ಕೆ ಬರುತ್ತಿಲ್ಲ” ಎಂದಳು. ಮುಂದೆಯೂ ಬರಲಿಲ್ಲ. 2014ರಲ್ಲಿ ಅವಳು ಹೋದಳು.

ಎನ್800 ಈಗ ಏಳುವುದಿಲ್ಲ. ಅದರ ಜಾತಿಯ ಹಳೆಯ ಸಂಸ್ಕಾರಕಗಳಿಗಾಗಿ ಇರುವ ಡೆಬಿಯನ್ ರೂಪಕ್ಕೆ 2025ರ ಆಗಸ್ಟಿನಲ್ಲಿ ಬಂದ 13ನೆಯ ಆವೃತ್ತಿಯೇ ಕೊನೆಯದು. ಹಾಡುಗಳನ್ನು ಮುದ್ರಿಸಿ ಹೊಲಿಸಿಟ್ಟಿದ್ದೇನೆ, ಬೇಕಾದವರು ಮನೆಗೆ ಬಂದರೆ ಕೊಡುತ್ತೇನೆ. 30ಕ್ಕೆ ಹೆಸರುಗಳಿವೆ. ಆ ಒಂದಕ್ಕೆ ನಾನು ಮೊದಲು ಏನೆಂದು ಹೆಸರಿಟ್ಟಿದ್ದೆನೋ ನೆನಪಿಲ್ಲ. ಹೊಸದನ್ನು ಇಡಲು ಮನಸ್ಸಾಗಲಿಲ್ಲ. ಪರಿವಿಡಿಯಲ್ಲಿ ಅದು ಇಂದಿಗೂ #48217.