ಮೇಣದ ಮೈಮೇಲಿನ ಗೆರೆಗಳು

ಗಾಜಿನ ಕಪಾಟುಗಳ ತುಂಬ ಕೈ, ಕಾಲು, ಬೆನ್ನು, ಮುಖ. ಎಲ್ಲವೂ ಮೇಣದವು, ಎಲ್ಲಕ್ಕೂ ರೋಗ! ಪ್ಯಾರಿಸ್ಸಿನ ಸ್ಯಾಂ ಲೂಯಿ ಆಸ್ಪತ್ರೆಯ ಸಂಗ್ರಹಾಲಯದಲ್ಲಿ ಇಂಥ ಅಚ್ಚುಗಳು ಸುಮಾರು 4,800 ಇವೆ. ಚರ್ಮವೈದ್ಯರ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ 1889ರಲ್ಲಿ ನೆರೆದದ್ದೂ ಇಲ್ಲೇ.

ಈ ಅಚ್ಚುಗಳಲ್ಲಿ ಬಹಳಷ್ಟನ್ನು ಮಾಡಿದವನು ಜೂಲ್ ಬಾರೆತಾ. ಕಾಗದದ ತಿರುಳಿನಲ್ಲಿ ಹಣ್ಣುಗಳನ್ನು ಮಾಡುತ್ತಿದ್ದ ಆಸಾಮಿ. ಲಾಯೆ ಎಂಬ ವೈದ್ಯರು ಅವನ ಕೈಚಳಕಕ್ಕೆ ಮರುಳಾಗಿ ಆಸ್ಪತ್ರೆಗೆ ಕರೆತಂದರು. ರೋಗಿಯ ಮೈಮೇಲೆಯೇ ಪ್ಲಾಸ್ಟರ್ ಅಚ್ಚು ತೆಗೆದು, ಮೇಣ ಎರೆದು, ರೋಗಿಯನ್ನು ನೋಡಿ ನೋಡಿ ಬಣ್ಣ ಕೂಡಿಸುವ ಕೆಲಸ. ಹಣ್ಣು ಬಿಟ್ಟು ಹುಣ್ಣು ಹಿಡಿದ ಪುಣ್ಯಾತ್ಮ.

ಚರ್ಮವೈದ್ಯ ವೃತ್ತಿಯ ಚಟ, ನನ್ನ ಕಣ್ಣು ಗೆರೆಗೆರೆಯಾಗಿ ಏಳುವ ರೋಗಗಳನ್ನೇ ಹುಡುಕುತ್ತಿತ್ತು. ನಮ್ಮ ಕಡೆ ಗುಳ್ಳೆಗಳು ಸಾಲಾಗಿ ಎದ್ದರೆ ಸರ್ಪಸುತ್ತು ಎಂದು ಕೆಮ್ಮಣ್ಣು ಬಳಿಯುತ್ತಾರೆ. ಸರ್ಪಸುತ್ತು ಹಿಡಿಯುವುದು ನರದ ಜಾಡು. ಆದರೆ ಬರ್ಲಿನ್ನಿನ ಆಲ್ಫ್ರೆಡ್ ಬ್ಲಾಶ್ಕೊ 1901ರಲ್ಲಿ, 140ಕ್ಕೂ ಹೆಚ್ಚು ರೋಗಿಗಳ ಗೆರೆಗಳನ್ನು ಒಂದೇ ಚಿತ್ರದ ಮೇಲೆ ಬರೆದಾಗ ಕಂಡದ್ದು ಬೇರೆಯೇ ನಕ್ಷೆ. ಬೆನ್ನಿನ ನಡುವೆ ಕೆಳಮುಖದ ಬಾಣ, ಪಕ್ಕೆಯಲ್ಲಿ ಬಳುಕು, ಕೈಕಾಲಿನಲ್ಲಿ ಉದ್ದಗೆರೆ. ನರದ್ದೂ ಅಲ್ಲ, ರಕ್ತನಾಳದ್ದೂ ಅಲ್ಲ. ಭ್ರೂಣದಲ್ಲಿ ಚರ್ಮದ ಜೀವಕೋಶಗಳು ಹಬ್ಬಿದ ಹಾದಿ ಎಂದು ಈಗ ತಿಳಿದಿದೆ. ಅದು ಎಲ್ಲರಲ್ಲೂ ಇದೆ, ಯಾರಿಗೂ ಕಾಣದು. ಬಸಿರಿನಲ್ಲಿ ಸವೆಸಿದ ದಾರಿ ನಲವತ್ತರಲ್ಲಿ ತುರಿಕೆಯಾಗಿ ಮೈಮೇಲೆ ಏಳುವುದೆಂದರೆ!

ಹಾದಿ ಒಂದೇ, ಬರುವ ರೋಗಗಳು ಹಲವು. ಲೈಕೆನ್ ಸ್ಟ್ರೈಯೇಟಸ್ ಹೆಚ್ಚಾಗಿ ಮಕ್ಕಳದು. ಕೈಗೋ ಕಾಲಿಗೋ ಸಾಮಾನ್ಯವಾಗಿ ಒಂದೇ ಗೆರೆ, ತುರಿಕೆ ಅಷ್ಟಕ್ಕಷ್ಟೆ; ಮಾಯಲು ತಿಂಗಳುಗಟ್ಟಲೆ ಬೇಕು, ಆಮೇಲೆ ಬಿಳಿಚು ಉಳಿಯುತ್ತದೆ, ತೊನ್ನೆಂದು ಅಳುತ್ತ ಬರುವ ತಾಯಂದಿರುಂಟು. ದೊಡ್ಡವರ ಬ್ಲಾಶ್ಕೈಟಿಸ್ ಇನ್ನೊಂದು ಬಗೆ. ಗ್ರೋಸ್ಹಾನ್ಸ್ ಮತ್ತು ಮಾರೊ 1990ರಲ್ಲಿ ಅದನ್ನು ವರ್ಣಿಸಿದರು. ಎದೆ, ಹೊಟ್ಟೆ, ಬೆನ್ನಿನ ಮೇಲೆ ಹಲವು ಗೆರೆ, ಒಮ್ಮೊಮ್ಮೆ ನೀರ್ಗುಳ್ಳೆ. ವಾರಗಳಲ್ಲಿ ಹೋಗುತ್ತದೆ, ಹೋದಂತೆಯೇ ಮರಳುತ್ತದೆ. ಇವೆರಡರ ನಡುವೆ ಲೈಕೆನ್ ಪ್ಲೇನಸ್ಸೂ ಸೋರಿಯಾಸಿಸ್ಸೂ ಗೆರೆಯ ವೇಷ ಹಾಕಿಕೊಂಡು ಬಂದು ಗೊಂದಲ ಎಬ್ಬಿಸುತ್ತವೆ.

ಒಂದು ಕಾಲಿನ ಮುಂದೆ ನಿಂತೇ ನಿಂತೆ. ತೊಡೆಯಿಂದ ಇಳಿದ ಗುಳ್ಳೆಸಾಲು. ಇವುಗಳಲ್ಲಿ ಯಾವುದು? ಮೇಣಕ್ಕೆ ತುರಿಕೆಯಿಲ್ಲ, ಮುಂದಿನ ತಿಂಗಳೂ ಇಲ್ಲ. ಚರ್ಮದ ತುಣುಕೊಂದನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ, ಬೆವರಿನ ಗ್ರಂಥಿಗಳ ಸುತ್ತ ಬಿಳಿರಕ್ತಕಣಗಳು ಮುತ್ತಿರುವುದು ಸ್ಟ್ರೈಯೇಟಸ್‌ನ ಸುಳಿವು. ಮೇಲ್ಪದರದ ಕೋಶಗಳ ನಡುವೆ ನೀರು ತುಂಬಿ ಎಕ್ಸಿಮಾದಂತೆ ಕಂಡರೆ ಬ್ಲಾಶ್ಕೈಟಿಸ್‌ನದು. ಅದೂ ಖಾತ್ರಿಯಲ್ಲ, ಎರಡೂ ಒಂದೇ ರೋಗದ ಎರಡು ತುದಿ ಎನ್ನುವ ಪಂಡಿತರಿದ್ದಾರೆ, ಅವರ ಮಾತು ನನಗೂ ಒಪ್ಪಿಗೆ.

ಇನ್ನೊಂದು ತೊಡಕು. ನಾನು ಅಲ್ಲಿ ಕಂಡ ಮೈಗಳೆಲ್ಲ ಬಿಳಿಯರವು. ಅವುಗಳ ಮೇಲೆ ಕೆಂಪು, ನೇರಳೆ ಎದ್ದು ಕಾಣುತ್ತವೆ. ನಮ್ಮ ಕಂದು ಚರ್ಮದಲ್ಲಿ ಅದೇ ನೇರಳೆ ಕಪ್ಪಿಗೆ ತಿರುಗುತ್ತದೆ, ಕೆಂಪಂತೂ ಅಡಗಿಯೇ ಬಿಡುತ್ತದೆ. ಧಾರವಾಡದ ಕಾಲೊಂದು ಸಿಕ್ಕಿದ್ದರೆ ಬಾರೆತಾ ಯಾವ ಬಣ್ಣ ಕಲಸುತ್ತಿದ್ದನೋ!